ಹಿಮ್ಮಡಿ ನೋವು: ತಿಳಿಯೋಣ, ನಿಭಾಯಿಸೋಣ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಆರೋಗ್ಯ ಮಾಹಿತಿಯ ಬರಹ ರೂಪ)



ಸಂಘದ ಸಭೆಯಲ್ಲಿ ಉಳಿತಾಯ ಬರೆದು, ಸಾಲದ ಕಂತು ಕಟ್ಟಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಏಳುವ ಹೊತ್ತಿನಲ್ಲಿ ನಮ್ಮನ್ನು ನಾವೇ ಒಮ್ಮೆ ನೋಡಿಕೊಳ್ಳಬೇಕು. ಚಾಪೆಯ ಮೇಲೆ ಒಂದು ಗಂಟೆ ಕೂತವರಲ್ಲಿ ಮೂರ್ನಾಲ್ಕು ಜನ ಗೋಡೆ ಹಿಡಿದು, ಪಕ್ಕದವರ ಹೆಗಲು ಹಿಡಿದು ಏಳುತ್ತಾರೆ. ನಾಲ್ಕು ಹೆಜ್ಜೆ ಕುಂಟಿದ ಮೇಲೆ ನಡಿಗೆ ಸರಿಯಾಗುತ್ತದೆ. ಯಾಕಕ್ಕ ಅಂತ ಕೇಳಿದರೆ, "ಹಿಮ್ಮಡಿ ನೋವು ಕಣವ್ವ, ವಯಸ್ಸಾಯ್ತಲ್ಲ" ಅನ್ನುತ್ತಾರೆ. ನಲವತ್ತೆರಡು, ನಲವತ್ತೈದಕ್ಕೆಲ್ಲ ವಯಸ್ಸಾಯಿತು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಈ ನೋವಿಗೆ ಕಾರಣ ಇದೆ, ಹೆಸರೂ ಇದೆ, ಹೆಚ್ಚಿನವರಿಗೆ ಇದು ವಾಸಿಯಾಗುತ್ತದೆ. ವಾಸಿ ಮಾಡಿಕೊಳ್ಳುವ ಕೆಲಸದಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯಲ್ಲೇ, ದುಡ್ಡಿಲ್ಲದೆ ಆಗುವಂಥದ್ದು. ಇವತ್ತು ಅದನ್ನೇ ಮಾತಾಡೋಣ.

ಡಾಕ್ಟರು ಇದನ್ನು ಪ್ಲಾಂಟರ್ ಫೇಸಿಯೈಟಿಸ್ ಎನ್ನುತ್ತಾರೆ. ಹೆಸರು ಬಾಯಿಗೆ ಬಾರದಿದ್ದರೆ ಬಿಡಿ. ವಿಷಯ ಹೀಗಿದೆ. ನಮ್ಮ ಅಂಗಾಲಿನ ಒಳಗೆ ಹಿಮ್ಮಡಿ ಮೂಳೆಯಿಂದ ಹೊರಟು ಕಾಲ್ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ. ಅಂಗಾಲಿನ ಕಮಾನು ಕುಸಿಯದ ಹಾಗೆ ಹಿಡಿದಿರುವುದು ಈ ಪಟ್ಟಿ. ಹೆಜ್ಜೆ ಇಟ್ಟಾಗಲೆಲ್ಲ ಅದು ಬಿಗಿಯುತ್ತದೆ, ಕಾಲು ಎತ್ತಿದಾಗ ಸಡಿಲವಾಗುತ್ತದೆ. ಹಸು ಕಟ್ಟುವ ಹಗ್ಗ ನೋಡಿದ್ದೀರಲ್ಲ, ಅದು ನಡುವೆ ಸವೆಯುವುದಿಲ್ಲ, ಗೂಟಕ್ಕೆ ಕಟ್ಟಿದ ಕಡೆ ಎಳೆ ಎಳೆಯಾಗಿ ಸವೆಯುತ್ತದೆ. ಇಲ್ಲೂ ಹಾಗೇ. ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ, ಅಂದರೆ ಹಿಮ್ಮಡಿಯ ಅಡಿಯಲ್ಲಿ ಸ್ವಲ್ಪ ಒಳಮಗ್ಗುಲಿಗೆ, ಸವೆತ ಬರುತ್ತದೆ. ಹೆಬ್ಬೆರಳಿನಿಂದ ಅಲ್ಲಿ ಒತ್ತಿ ನೋಡಿ, ನೋವಿರುವವರು ತಕ್ಷಣ "ಅಮ್ಮಾ" ಅಂತೀರಿ. ಒಡೆದ ಹಿಮ್ಮಡಿ ಬೇರೆ, ಕಾಲಿನ ಆಣಿ ಬೇರೆ. ಅವು ಚರ್ಮದ ಮೇಲಿನವು, ಇದು ಒಳಗಿನದು.

ಬೆಳಗ್ಗೆ ಎದ್ದ ಕೂಡಲೇ ಯಾಕೆ ಅಷ್ಟು ನೋವು? ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಬಾಗಿರುತ್ತದೆ. ಆರು ಗಂಟೆ ಕಾಲ ಪಟ್ಟಿ ಮುದುಡಿಕೊಂಡೇ ಇರುತ್ತದೆ. ಬೆಳಗ್ಗೆ ಐದಕ್ಕೆ ಹಸು ಕೂಗಿತು ಅಂತ ದಡಕ್ಕನೆ ಎದ್ದು ಪೂರ್ತಿ ಮೈಭಾರ ಹಾಕಿದರೆ, ಮುದುಡಿದ್ದು ಒಂದೇ ಏಟಿಗೆ ಹಿಗ್ಗುತ್ತದೆ. ಮೊಳೆ ಹೊಡೆದ ಹಾಗೆ ಆಗುವುದು ಅದಕ್ಕೇ. ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಹದಕ್ಕೆ ಬರುತ್ತದೆ, ನೋವು ಇಳಿಯುತ್ತದೆ. ನಾವು ಮರೆತುಬಿಡುತ್ತೇವೆ. ಸಂಜೆ ಹೊತ್ತಿಗೆ ಮತ್ತೆ ಶುರು. ಬೆಳಗಿನ ಮೊದಲ ಹೆಜ್ಜೆ, ಕೂತು ಎದ್ದ ಮೊದಲ ಹೆಜ್ಜೆ, ಈ ಎರಡರಲ್ಲಿ ನೋವಿದ್ದು, ಒತ್ತಿದ ಜಾಗದಲ್ಲೂ ನೋವಿದ್ದರೆ ಬಹುಮಟ್ಟಿಗೆ ಇದೇ ಕಾಯಿಲೆ.

ಹತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ನೋವು ಬರುತ್ತದೆ ಎಂದು ವೈದ್ಯರ ಅಂದಾಜು. 40ರಿಂದ 60 ವರ್ಷದವರಲ್ಲಿ ಹೆಚ್ಚು. ಹೊತ್ತುಗಟ್ಟಲೆ ನಿಲ್ಲುವವರಿಗೆ, ಗಟ್ಟಿ ನೆಲದಲ್ಲಿ ಓಡಾಡುವವರಿಗೆ, ಮೈತೂಕ ಹೆಚ್ಚಿದವರಿಗೆ, ಮೀನಖಂಡ ಬಿಗಿಯಾಗಿರುವವರಿಗೆ, ಅಂಗಾಲು ತೀರಾ ಚಪ್ಪಟೆ ಅಥವಾ ತೀರಾ ಕಮಾನಾಗಿ ಇರುವವರಿಗೆ ಬರುವ ಸಂಭವ ಜಾಸ್ತಿ.

ಈಗ ನಮ್ಮ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ದಿನ ನೋಡಿ. ಕೊಟ್ಟಿಗೆ ಕೆಲಸ, ಹಾಲು ಕರೆದು ಡೈರಿಗೆ ಹಾಕುವುದು, ಬಂದು ಗ್ಯಾಸಿನ ಕಟ್ಟೆ ಮುಂದೆ ನಿಂತು ಅಡುಗೆ. ಅರಕಲಗೂಡು, ಹೊಳೆನರಸೀಪುರದ ಕಡೆ ಹೊಗೆಸೊಪ್ಪಿನ ಕಾಲ ಬಂತೆಂದರೆ ಸೊಪ್ಪು ಮುರಿಯುವುದು, ಹೊರುವುದು, ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು. ರಾಮನಾಥಪುರದ ಹರಾಜಿಗೆ ಹೋಗುವ ತನಕ ಬಿಡುವಿಲ್ಲ. ಹಾಸನದ ಕಡೆ ಆಲೂಗಡ್ಡೆ, ಶುಂಠಿ. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿ. ಗಾರ್ಮೆಂಟ್ಸ್‌ಗೆ ಹೋಗುವವರಲ್ಲಿ ಚೆಕಿಂಗ್, ಇಸ್ತ್ರಿ, ಪ್ಯಾಕಿಂಗ್ ಮಾಡುವವರಿಗೆ ಇಡೀ ಪಾಳಿ ನಿಂತೇ ಕೆಲಸ. ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕಂದಿರು ಬರಿಗಾಲಲ್ಲಿ ಸಿಮೆಂಟು ನೆಲದ ಮೇಲೆ ದೊಡ್ಡ ಪಾತ್ರೆ ಎತ್ತಿ ಇಳಿಸುತ್ತಾರೆ. ನಮ್ಮ ಅಜ್ಜಿಯರೂ ದುಡಿದವರೇ. ಆದರೆ ಅವರು ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ಕೂತು ಬೇಯಿಸಿದರು. ನಾವು ಟೈಲ್ಸು, ಗ್ರಾನೈಟು ಹಾಕಿಸಿಕೊಂಡು ಅದರ ಮೇಲೆ ನಿಂತುಕೊಂಡೆವು.

ಈಗ ಬಹಳ ಜನ ಹೆದರಿರುವ ಒಂದು ಮಾತಿಗೆ ಬರೋಣ. "ಎಕ್ಸ್‌ರೇ ತೆಗೆಸಿದೆ, ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆಯಂತೆ, ಆಪರೇಷನ್ ಆಗಬೇಕೇನೋ." ಈ ನೋವಿರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎಕ್ಸ್‌ರೇಯಲ್ಲಿ ಮುಳ್ಳಿನ ಹಾಗೆ ಚಾಚಿದ ಮೂಳೆ ಕಾಣುತ್ತದೆ, ನಿಜ. ಆದರೆ ಯಾವ ನೋವೂ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದು ಇರುತ್ತದೆ. ನೋವು ವಾಸಿಯಾದ ಮೇಲೂ ಆ ಮೂಳೆ ಅಲ್ಲೇ ಇರುತ್ತದೆ! ಅಂದಮೇಲೆ ನೋವಿಗೆ ಮೂಳೆಯನ್ನು ದೂರುವುದು ಸರಿಯಲ್ಲ. ಸಾಮಾನ್ಯವಾಗಿ ಡಾಕ್ಟರು ಕೈಯಲ್ಲಿ ಮುಟ್ಟಿ, ಮಾತು ಕೇಳಿಯೇ ಇದನ್ನು ಗುರುತಿಸುತ್ತಾರೆ, ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಮೂಳೆ ಬೆಳೆದಿದೆ ಅಂತ ರಾಗಿ, ಹಾಲು ಬಿಡುವವರೂ ಇದ್ದಾರೆ. ದಯವಿಟ್ಟು ಬಿಡಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಮುಖ್ಯ ವಿಷಯ, ಮಾಡುವುದೇನು?

ಬೆಳಗ್ಗೆ ಎದ್ದ ಕೂಡಲೇ ಕಾಲು ಊರಬೇಡಿ. ಹಾಸಿಗೆಯಲ್ಲೇ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಕಾಲ್ಬೆರಳುಗಳ ಬುಡವನ್ನು ಕೈಯಲ್ಲಿ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ನೋಡಿ, ಒಳಗಿನ ಪಟ್ಟಿ ತಂತಿಯ ಹಾಗೆ ಬಿಗಿಯಾಗಿ ಸಿಗುತ್ತದೆ. ಸಿಕ್ಕಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ. ದಿನಕ್ಕೆ ಮೂರು ಬಾರಿ ಮಾಡಬೇಕು, ಆದರೆ ಬೆಳಗಿನ ಮೊದಲ ಹೆಜ್ಜೆಗೆ ಮುಂಚಿನದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು. ಹೆಚ್ಚೆಂದರೆ ಮೂರು ನಿಮಿಷದ ಕೆಲಸ. ಹಸು ಮೂರು ನಿಮಿಷ ಕಾಯುತ್ತದೆ. ಮಂಡಿ ನೋವಿದ್ದು ಕಾಲು ಮಡಚಲು ಆಗದವರು ಕಾಲು ನೀಡಿಕೊಂಡು, ಹಳೇ ಸೀರೆಯ ತುಂಡನ್ನೋ ಟವೆಲನ್ನೋ ಬೆರಳುಗಳ ಬುಡಕ್ಕೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಬಹುದು. ಇದು ನಮ್ಮ ತಲೆಯಿಂದ ಹುಟ್ಟಿದ ಉಪಾಯವಲ್ಲ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ವೈದ್ಯರು ಬಹುಕಾಲದಿಂದ ಹಿಮ್ಮಡಿ ನೋವು ಅನುಭವಿಸುತ್ತಿದ್ದವರಿಗೆ ಇದನ್ನೇ ಮಾಡಿಸಿ, ಎಂಟು ವಾರದ ನಂತರ ಬರೀ ಮೀನಖಂಡ ಹಿಗ್ಗಿಸಿದವರಿಗಿಂತ ಇವರಿಗೆ ನೋವು ಹೆಚ್ಚು ಇಳಿದಿದೆ ಎಂದು 2003ರಲ್ಲಿ ಪ್ರಕಟಿಸಿದರು.

ಹಾಗಂತ ಮೀನಖಂಡವನ್ನು ಬಿಡಬೇಕಿಲ್ಲ. ಗೋಡೆಗೆ ಎರಡೂ ಕೈ ಕೊಟ್ಟು, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದ ಹಾಗೆ ಮುಂದಕ್ಕೆ ವಾಲಿ. ಮೂವತ್ತು ಎಣಿಸಿ, ಮೂರು ಸಲ. ಅನ್ನ ಬೇಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲೇ ಆಗುತ್ತದೆ.

ನೋವು ಸ್ವಲ್ಪ ತಗ್ಗಿದ ಮೇಲೆ ಪಟ್ಟಿಗೆ ಬಲ ಬರಲು ಇನ್ನೊಂದಿದೆ. ಜಗಲಿಯ ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಅಡಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಗೋಡೆ ಹಿಡಿದುಕೊಂಡು ಹಿಮ್ಮಡಿಯನ್ನು ನಿಧಾನವಾಗಿ ಮೂರು ಎಣಿಸುತ್ತಾ ಎತ್ತಿ, ಎರಡು ಎಣಿಸಿ ನಿಲ್ಲಿ, ಮತ್ತೆ ಮೂರು ಎಣಿಸುತ್ತಾ ಇಳಿಸಿ. ಹನ್ನೆರಡು ಸಲ ಮಾಡಿ, ಸುಧಾರಿಸಿಕೊಂಡು, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ ಸಾಕು. ಡೆನ್ಮಾರ್ಕಿನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಾಡಿದವರಿಗೆ ಮೂರು ತಿಂಗಳಲ್ಲಿ ಚೆನ್ನಾಗಿ ಗುಣ ಕಂಡಿತು. ಅವರು ಒಂಟಿ ಕಾಲಲ್ಲಿ ಮಾಡಿಸಿದರು, ನಾವು ಎರಡೂ ಕಾಲಲ್ಲಿ ಶುರು ಮಾಡಿದರೆ ಸಾಕು. ಓಲಾಡುವವರು, ತಲೆಸುತ್ತು ಇರುವವರು ಮೆಟ್ಟಿಲು ಬಿಟ್ಟು ನೆಲದ ಮೇಲೇ ಮಾಡಿ.

ಇಷ್ಟು ಮಾಡಿಯೂ ಬರಿಗಾಲಲ್ಲಿ ಸಿಮೆಂಟು ತುಳಿಯುತ್ತಿದ್ದರೆ ಒಂದು ಕಡೆ ಹೊಲಿದು ಇನ್ನೊಂದು ಕಡೆ ಹರಿದ ಹಾಗೆ. ಸಂಘದ ಸಾಲ ತೆಗೆದು ಹಸು ತಂದವರಲ್ಲಿ ಕೆಲವರು ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಸಿದ್ದೀರಿ. ಗಟ್ಟಿ ನೆಲದಲ್ಲಿ ಹಸುವಿನ ಕಾಲು ಕೆಡಬಾರದು ಅಂತ. ಸಂತೋಷ. ಅದೇ ಮನೆಯ ಅಡುಗೆಕಟ್ಟೆ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ನಿಲ್ಲುವ ಹೆಂಗಸಿನ ಕಾಲಡಿಗೆ ಏನಿದೆ? ಆ ಮ್ಯಾಟಿನದೇ ಒಂದು ತುಂಡು ಹಾಕಿ. ಇಲ್ಲವೇ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ, ಜಾರದಂತೆ ನೋಡಿಕೊಳ್ಳಿ. ಮನೆಯೊಳಗೆ, ಅದರಲ್ಲೂ ಅಡುಗೆಮನೆಯಲ್ಲಿ ಚಪ್ಪಲಿ ಹಾಕಬಾರದು ಅನ್ನುವ ಸಂಪ್ರದಾಯ ನಮಗೂ ಗೊತ್ತು. ಹೊರಗೆ ಹಾಕಿದ ಚಪ್ಪಲಿ ಬೇಡ. ಮನೆಯೊಳಗೆ ಮಾತ್ರ ಹಾಕುವ, ತೊಳೆದಿಟ್ಟ ಒಂದು ಜೊತೆ ಬೇರೆ ಇಟ್ಟುಕೊಳ್ಳಿ, ಹಾಸಿಗೆ ಪಕ್ಕದಲ್ಲೇ ಇರಲಿ. ಅತ್ತೆ ಒಪ್ಪುವುದಿಲ್ಲ ಅಂದರೆ ಅತ್ತೆಗೂ ಒಂದು ಜೊತೆ ತನ್ನಿ. ಅವರ ಹಿಮ್ಮಡಿಯೂ ನೋಯುತ್ತಿರುತ್ತದೆ, ಹೇಳಿರುವುದಿಲ್ಲ ಅಷ್ಟೆ.

ಚಪ್ಪಲಿ ಯಾವುದು ಅನ್ನುವುದೂ ಮುಖ್ಯ. ಹಿಮ್ಮಡಿ ಕಡೆ ಸವೆದು ಹಾಳೆಯಷ್ಟು ತೆಳ್ಳಗಾದ ಹವಾಯಿ ಚಪ್ಪಲಿ ಬರಿಗಾಲಿಗೆ ಸಮ. ಕೊಳ್ಳುವಾಗ ಎರಡು ತುದಿ ಹಿಡಿದು ಬಗ್ಗಿಸಿ ನೋಡಿ. ಬೆರಳಿನ ಹತ್ತಿರ ಬಗ್ಗಬೇಕು, ನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿ ಭಾಗ ಬೆರಳಿನ ಭಾಗಕ್ಕಿಂತ ಸ್ವಲ್ಪ ಎತ್ತರ ಇರಲಿ, ಮೆತ್ತಗಿರಲಿ, ಹಿಂದೆ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಎಂ.ಸಿ.ಆರ್. ಚಪ್ಪಲಿ ಎಂದು ಕೇಳಿದರೆ ಕೊಡುತ್ತಾರೆ. ಒಳ್ಳೆಯ ಚಪ್ಪಲಿಗೆ ದುಡ್ಡು ಕೊಡಲು ನಮ್ಮ ಹೆಂಗಸರು ಹಿಂದೆ ಮುಂದೆ ನೋಡುತ್ತಾರೆ. ಮಕ್ಕಳಿಗೆ ಶೂ, ಯಜಮಾನರಿಗೆ ಶೂ, ತಮಗೆ ಮಾತ್ರ ಸಂತೆಯಲ್ಲಿ ಸಿಕ್ಕ ಅಗ್ಗದ್ದು.

ಹಬ್ಬ ಜಾತ್ರೆಯ ಮಾತೂ ಒಂದಿಷ್ಟು. ಹಾಸನಾಂಬೆ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬಂದ ಮೇಲೆ, ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಲ್ಲಿ ಹತ್ತಿ ಇಳಿದ ಮೇಲೆ ನೋವು ಕೆರಳುವುದು ಸಹಜ. ಹೋಗಬೇಡಿ ಎನ್ನುವುದಿಲ್ಲ. ದಪ್ಪ ಕಾಲುಚೀಲ ಹಾಕಿಕೊಳ್ಳಿ, ನಡುನಡುವೆ ಕೂತು ಬೆರಳು ಎಳೆದುಕೊಳ್ಳಿ, ಮಾರನೇ ದಿನ ಕಾಲಿಗೆ ಬಿಡುವು ಕೊಡಿ.

ಸಂಜೆ ನೋವು ಹೆಚ್ಚಾದಾಗ ತಂಪು ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ, ಕುರ್ಚಿಯಲ್ಲಿ ಕೂತು ಅಂಗಾಲಿನ ಕೆಳಗೆ ಹತ್ತು ನಿಮಿಷ ಹಿಂದೆ ಮುಂದೆ ಉರುಳಿಸಿ. ಫ್ರಿಜ್ಜು ಇಲ್ಲದವರು ಟೆನ್ನಿಸ್ ಚೆಂಡನ್ನೋ ಹಳೆಯ ಲಟ್ಟಣಿಗೆಯನ್ನೋ ಉರುಳಿಸಿದರೂ ಹಿತವಾಗುತ್ತದೆ.

ನಮ್ಮ ಕಡೆ ಬಹಳ ನಡೆಯುವ ಮದ್ದು ಕಾದ ಇಟ್ಟಿಗೆ, ಎಕ್ಕದ ಎಲೆ. ಇಟ್ಟಿಗೆ ಕಾಯಿಸಿ, ಎಲೆ ಹಾಕಿ, ಅದರ ಮೇಲೆ ಹಿಮ್ಮಡಿ ಊರುವುದು. ಹದವಾದ ಶಾಖದಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು ಇದನ್ನು ಮಾಡಲೇಬಾರದು, ತಾಯಂದಿರೇ. ಶುಗರ್ ಇದ್ದವರ ಪಾದಕ್ಕೆ ಎಷ್ಟೋ ಸಲ ಸ್ಪರ್ಶ ಕಡಿಮೆಯಾಗಿರುತ್ತದೆ. ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ಬೆರಳು ತೆಗೆಯುವವರೆಗೆ ಹೋಗಬಹುದು. ಹಿಮ್ಮಡಿ ನೋವಿನಿಂದ ಯಾರೂ ಕಾಲು ಕಳೆದುಕೊಳ್ಳುವುದಿಲ್ಲ, ಸುಟ್ಟ ಗಾಯದಿಂದ ಕಳೆದುಕೊಳ್ಳಬಹುದು. ಮಂಜುಗಡ್ಡೆಯ ವಿಷಯದಲ್ಲೂ ಅವರಿಗೆ ಇದೇ ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೆ ಅಪಾಯ, ಮಕ್ಕಳಿರುವ ಮನೆಯಲ್ಲಿ ಅದನ್ನೂ ನೆನಪಿಡಿ.

ಇನ್ನು ಮಾತ್ರೆ, ಇಂಜೆಕ್ಷನ್ನು. ಸಾಲದ ಅರ್ಜಿಯಲ್ಲಿ "ಕಾಲು ನೋವಿನ ಚಿಕಿತ್ಸೆಗೆ" ಎಂದು ಬರೆದದ್ದನ್ನು ನಾವು ಕಂಡಿದ್ದೇವೆ. ಅಂಥ ಒಬ್ಬ ಸದಸ್ಯೆ ಹಿಮ್ಮಡಿಗೆ ಒಂದರ ಹಿಂದೆ ಒಂದು ಮೂರು ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಪ್ರತಿ ಸಲವೂ ಕೆಲವು ವಾರ ನೋವಿಲ್ಲ, ಆಮೇಲೆ ಮತ್ತೆ ಅದೇ. ಕಂತು ಮಾತ್ರ ತಿಂಗಳು ತಿಂಗಳು ಕಟ್ಟಬೇಕಾಯಿತು. ಕಾಲು ಎಳೆಯುವ ವ್ಯಾಯಾಮವನ್ನು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಟ್ಟದ್ದೆಂದಲ್ಲ. ತಡೆಯಲಾರದ ನೋವಿದ್ದಾಗ ಮೂಳೆ ತಜ್ಞರು ಯೋಚಿಸಿ ಕೊಡುತ್ತಾರೆ. ಆದರೆ ಅದರ ಗುಣ ಹೆಚ್ಚು ದಿನ ನಿಲ್ಲುವುದಿಲ್ಲ. ಮತ್ತೆ ಮತ್ತೆ ಹಾಕಿಸಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗಬಹುದು, ಪಟ್ಟಿಯೇ ಹರಿಯಬಹುದು. ಶುಗರ್ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ತಂದು ದಿನಾ ನುಂಗುವ ನೋವಿನ ಮಾತ್ರೆಯದು ಇನ್ನೊಂದು ಕಥೆ. ಈ ಕಾಯಿಲೆಯಲ್ಲಿ ಊತಕ್ಕಿಂತ ಸವೆತವೇ ಹೆಚ್ಚು ಎಂದು ಈಗ ತಿಳಿದುಬಂದಿದೆ, ಹಾಗಾಗಿ ಮಾತ್ರೆಯಿಂದ ಬುಡ ಸರಿಯಾಗುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಬಿ.ಪಿ. ಏರುವುದು, ಕಿಡ್ನಿಗೆ ಪೆಟ್ಟು. ಹಿಮ್ಮಡಿ ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುವುದು ಯಾವ ಲೆಕ್ಕ?

ಎಷ್ಟು ದಿನಕ್ಕೆ ವಾಸಿ ಅಂತ ಕೇಳುತ್ತೀರಿ. ಸುಳ್ಳು ಹೇಳುವುದಿಲ್ಲ. ವಾರದಲ್ಲಿ ಆಗುವುದಿಲ್ಲ. ಹತ್ತು ಜನರಲ್ಲಿ ಎಂಟೊಂಬತ್ತು ಜನಕ್ಕೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ, ಆದರೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಮೊದಲ ತಿಂಗಳು ಏನೂ ಗುಣ ಕಾಣದೆ ಬಿಟ್ಟುಬಿಡುವವರೇ ಹೆಚ್ಚು. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಹಾಕಿ ವರ್ಷಗಟ್ಟಲೆ ಕಾದು ಸಂಘದ ಗಂಟು ಕಟ್ಟಿದವರು ನಾವು, ದಿನಕ್ಕೆ ಹತ್ತು ನಿಮಿಷ ಕಟ್ಟುವುದು ಕಷ್ಟವಲ್ಲ. ಮೈತೂಕದ ಮಾತು ಎತ್ತಿದರೆ ಬೇಸರವಾಗುತ್ತದೆ, ಆದರೂ ಹೇಳಬೇಕು. ನಡೆಯುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕಕ್ಕಿಂತ ಹೆಚ್ಚಿನ ಭಾರ ಪಾದದ ಮೇಲೆ ಬೀಳುತ್ತದೆ. ನಾಲ್ಕೈದು ಕೆ.ಜಿ. ಇಳಿದರೂ ಹಿಮ್ಮಡಿಗೆ ಹಗುರ.

ಪೂರ್ತಿ ನಡೆಯುವುದನ್ನು ಬಿಟ್ಟು ಮಲಗಬೇಕಿಲ್ಲ. ಒಂದೇ ಸಮನೆ ನಿಲ್ಲುವುದನ್ನು ಮುರಿಯಬೇಕು, ಅಷ್ಟೆ. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು ಕೂತು ಮಾಡಿ. ಕೊಡ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಕೆಲವು ತಿಂಗಳು ಮನೆಯ ಗಂಡಸರು ಹೊರಲಿ. ಬಾಯಿಬಿಟ್ಟು ಕೇಳದೆ ಯಾರೂ ಹೊರುವುದಿಲ್ಲ, ಕೇಳಿ. ಕಾರ್ಖಾನೆಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಕೂರುವ ವ್ಯವಸ್ಥೆಯ ಮಾತಿದೆ. ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಒಟ್ಟಾಗಿ ಕೇಳಿದ್ದರಿಂದ 2018ರಲ್ಲಿ ಅಂಗಡಿಗಳಿಗೂ ಅಂಥ ಕಾನೂನು ಬಂತು. 2021ರಲ್ಲಿ ತಮಿಳುನಾಡಿನಲ್ಲೂ ಆಯಿತು. ಒಬ್ಬರೇ ಹೋಗಿ ಸೂಪರ್‌ವೈಸರ್ ಹತ್ತಿರ ಸ್ಟೂಲು ಕೇಳಿದರೆ ಗದರಬಹುದು, ಹತ್ತು ಜನ ಸೇರಿ ಕೇಳಿದರೆ ಮಾತು ಬೇರೆ.

ಹಿಮ್ಮಡಿ ನೋವೆಲ್ಲ ಇದೇ ಕಾಯಿಲೆ ಅಂದುಕೊಳ್ಳಬೇಡಿ. ಪಾದದಲ್ಲಿ ಉರಿ, ಜೋಮು, ಇರುವೆ ಹರಿದ ಹಾಗೆ ಆಗುತ್ತಿದ್ದರೆ ಶುಗರ್ ಪರೀಕ್ಷೆ ಆಗಬೇಕು. ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಗ್ಗೆ ಸೊಂಟ ಬಿಗಿಯುವುದು, ಕೈಬೆರಳಿನ ಗೆಣ್ಣು ಊದುವುದು ಇದ್ದರೆ ಅದು ಕೀಲುವಾತ ಇರಬಹುದು. ಬಿದ್ದ ಮೇಲೆ, ಎತ್ತರದಿಂದ ಧುಮುಕಿದ ಮೇಲೆ ಬಂದ ನೋವು, ಮಲಗಿದಾಗಲೂ ಬಿಡದ ನೋವು, ಹಿಮ್ಮಡಿ ಕೆಂಪಾಗಿ ಊದಿ ಜ್ವರ ಬರುವುದು, ಇವಕ್ಕೆ ಮನೆಯಲ್ಲಿ ಕಾಯಬಾರದು. ಎರಡು ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಏನೂ ಗುಣ ಕಾಣದವರೂ ತೋರಿಸಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಬೇಕಾದರೆ ಅಲ್ಲಿಂದ ಹಾಸನದ ಹಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಬರೆಸಿಕೊಳ್ಳಿ. ಹೋಗುವಾಗ ದಿನಾ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಡಾಕ್ಟರು ಅದರ ಸವೆತವನ್ನೂ ನೋಡಬೇಕು. ಇದುವರೆಗೆ ನುಂಗಿದ ಮಾತ್ರೆಯ ಖಾಲಿ ಪಟ್ಟಿಗಳಿದ್ದರೆ ಚೀಲದಲ್ಲಿ ಹಾಕಿಕೊಳ್ಳಿ. ಬಿ.ಪಿ., ಶುಗರ್ ಚೀಟಿ ಮರೆಯಬೇಡಿ. ಇಂಜೆಕ್ಷನ್ ಎಂದರೆ, ಅದು ಯಾವುದು, ಈ ಮೊದಲು ಹಾಕಿಸಿದ್ದೆಷ್ಟು, ಇದರ ಜೊತೆಗೆ ವ್ಯಾಯಾಮ ಏನು ಮಾಡಬೇಕು ಎಂದು ಕೇಳಿ. ಕೇಳಲು ಸಂಕೋಚವಾದರೆ ಸಂಘದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.